ಅತ್ತೆ ಹೊತ್ತ ಸುಣ್ಣದ ಹರಕೆ

ಆಪರೇಷನ್ ಆದ ಮೇಲೆ ಮೊದಲ ಸಲ ಅತ್ತೆಯ ಊರಿಗೆ ಹೋದಾಗ ಅಂಗಳದ ಹಳೇ ತೊಟ್ಟಿಯಲ್ಲಿ ಸುಣ್ಣ ನೆನೆಹಾಕಿದ್ದರು. ಪಕ್ಕದಲ್ಲಿ ಮಂಕರಿ ತುಂಬ ಕೆಮ್ಮಣ್ಣು, ಅದರ ಮೇಲೆ ಕತ್ತಾಳೆ ನಾರಿನ ಹೊಸ ಕುಂಚ. ಹಬ್ಬ ಯಾವುದೂ ಹತ್ತಿರವಿರಲಿಲ್ಲ. ಯಾರ ಮನೆಗೆ ಅತ್ತೆ ಸುಣ್ಣ, ಎಂದು ಕೇಳಿದೆ.

"ಮನೆಗಲ್ಲ ಕಣಮ್ಮ, ನಿನ್ನ ಗವಿಯಮ್ಮಂಗೆ," ಎಂದರು. "ನೀನು ಆಸ್ಪತ್ರೇಲಿದ್ದಾಗ ಹರಕೆ ಹೊತ್ಕೊಂಡ್ಬುಟ್ಟೆ. ನನ್ ಸೊಸೆ ಎದ್ದು ನಡ್ಕೊಂಡು ಮತ್ತೆ ನಿನ್ನತ್ರ ಬರೋ ಅಂಗೆ ಮಾಡವ್ವ, ಗವಿ ತುಂಬಾ ಸುಣ್ಣ ಕೆಮ್ಮಣ್ಣು ಬಳೀತೀನಿ ಅಂತ. ಮಾಡವ್ಳೆ ನೋಡು."

ನಾನು ಜಗಲಿಯ ಮೇಲೆ ಕೂತೆ.

ನಾನು ಹುಟ್ಟಿ ಬೆಳೆದದ್ದು ಸಿರಾದಲ್ಲಿ, ಇತಿಹಾಸ ಪಾಠ ಮಾಡುವುದು ಮಧುಗಿರಿಯ ಕಾಲೇಜಿನಲ್ಲಿ. ಐ.ಡಿ.ಹಳ್ಳಿ ಕಡೆಯ ಕುರಿ ಸಾಕುವ ಮನೆತನಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಗಂಡ ನನ್ನನ್ನು ಊರ ಹಿಂದಿನ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ. ನೆರಳಿಗೆಂದು ಒಂದು ಗವಿಯೊಳಗೆ ಹೋದೆವು. ಅವನು ನನ್ನನ್ನು ನೋಡುತ್ತಿದ್ದ, ನಾನು ಬಂಡೆಯನ್ನು ನೋಡುತ್ತಿದ್ದೆ. ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಉದ್ದ ಕೊಂಬಿನ ಗೂಳಿಗಳು, ಕೈ ಕೈ ಹಿಡಿದ ಮನುಷ್ಯರು, ಒಂದು ಮೂಲೆಯಲ್ಲಿ ಕರುವಿನ ಕಡೆ ಕತ್ತು ತಿರುಗಿಸಿದ ಹಸು. ಸಾವಿರಾರು ವರ್ಷದ ಹಿಂದೆ ಯಾರೋ ಕೆಮ್ಮಣ್ಣು ಅರೆದು ಬರೆದ ಚಿತ್ರಗಳವು. ಆ ದಿನ ಗಂಡ ಏನೇನು ಪ್ರೀತಿಯ ಮಾತಾಡಿದನೋ, ಒಂದೂ ನೆನಪಿಲ್ಲ. ಅವನು ಈಗಲೂ ಆಡಿಕೊಳ್ಳುತ್ತಾನೆ.

ಅಂದಿನಿಂದ ಬಿಡುವು ಸಿಕ್ಕಾಗಲೆಲ್ಲ ಆ ಗವಿಗೆ ಹೋಗುವುದೇ ನನ್ನ ಕೆಲಸ. ಅಳತೆ ತೆಗೆಯುವುದು, ಫೋಟೋ ತೆಗೆಯುವುದು, ಬಂಡೆಗೆ ಕೈ ತಗಲಿಸದೆ ನೋಡಿ ನೋಡಿ ಬರೆದುಕೊಳ್ಳುವುದು. ಗವಿಯ ಸುದ್ದಿಯನ್ನು ಮಾತ್ರ ಊರಲ್ಲಿ ಯಾರಿಗೂ ಬಿಚ್ಚಿ ಹೇಳಲಿಲ್ಲ. ಹೇಳಿದರೆ ನಿಧಿ ಆಸೆಯವರು ಗುದ್ದಲಿ ಹಿಡಿದು ಬರುತ್ತಾರೆ, ಇಲ್ಲವೇ ಪ್ರೇಮಿಗಳು ಆಯಿಲ್ ಪೇಂಟ್ ಹಿಡಿದು ಬರುತ್ತಾರೆ. ಕೊರಟಗೆರೆ ಕಡೆ ಒಂದು ಬಂಡೆಯಲ್ಲಿ ಜಿಂಕೆಯ ಹೊಟ್ಟೆಯ ಮೇಲೆ ಬಾಣ ಚುಚ್ಚಿದ ಹೃದಯ ಬರೆದದ್ದು ಕಂಡು ನಾನು ಅಲ್ಲೇ ನಿಂತು ಬಾಯಿಗೆ ಬಂದದ್ದು ಬೈದಿದ್ದೆ. ಕೇಳಿಸಿಕೊಳ್ಳಲು ಕೋತಿಗಳು ಬಿಟ್ಟರೆ ಯಾರೂ ಇರಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

ಯಾರಿಗೂ ಹೇಳದವಳು ಅತ್ತೆಗೂ ಹೇಳಿರಲಿಲ್ಲ. ಹೀಗಾಗಿ ಅವರು ಕಂಡದ್ದರಿಂದಲೇ ಅರ್ಥ ಮಾಡಿಕೊಂಡಿದ್ದರು. ಸೊಸೆ ಸ್ಕೂಟರನ್ನು ಅಂಗಳದಲ್ಲಿ ನಿಲ್ಲಿಸಿ ಗುಡ್ಡ ಹತ್ತುತ್ತಾಳೆ. ಕುರಿ ಅಟ್ಟಿಕೊಂಡು ಹೋದಾಗ ಇಣುಕಿದರೆ ಚಪ್ಪಲಿ ಹೊರಗೆ ಬಿಟ್ಟು, ಬಂಡೆಯ ಮುಂದೆ ಮಾತಿಲ್ಲದೆ ಗಂಟೆಗಟ್ಟಲೆ ಕೂತಿರುತ್ತಾಳೆ. ಒಳಗೆ ದೂಳು ಏಳದಿರಲಿ ಎಂದು ನಾನು ಚಪ್ಪಲಿ ಬಿಡುತ್ತಿದ್ದದ್ದು. ಅವರು ಅದನ್ನು ಭಕ್ತಿ ಎಂದುಕೊಂಡರು. ಭಕ್ತಿ ಇದ್ದ ಕಡೆ ದೇವರಿರಲೇಬೇಕು, ಗವಿಯಲ್ಲಿರುವ ದೇವರು ಗವಿಯಮ್ಮ. ಹೆಸರನ್ನೂ ಅವರೇ ಇಟ್ಟರು.

ಈಗ ಒಂದೊಂದೇ ಹೊಳೆಯತೊಡಗಿತು. ನನ್ನ ಬುತ್ತಿಯ ಜೊತೆ ಯಾವಾಗಲೂ ಎರಡು ಬಾಳೆಹಣ್ಣು ಇಡುತ್ತಿದ್ದರು. ನಾನು ಎರಡನ್ನೂ ತಿನ್ನುತ್ತಿದ್ದೆ. ಒಂದು ಸಲ ಹಸಿವಿಲ್ಲದೆ ಒಂದನ್ನು ವಾಪಸ್ ತಂದಾಗ ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಮೊಮ್ಮಕ್ಕಳಿಗೆಲ್ಲ ಚೂರು ಚೂರು ಹಂಚಿದ್ದರು. ಬಾಳೆಹಣ್ಣಿಗೂ ಎಷ್ಟು ಮರ್ಯಾದೆ ಇವರ ಮನೆಯಲ್ಲಿ ಎಂದು ನಾನು ಮೆಚ್ಚಿಕೊಂಡಿದ್ದೆ.

ನಗು ಬರಬೇಕಿತ್ತು. ಬಂದದ್ದು ಸಿಟ್ಟು.

"ಹರಕೆ ಹೊರೋದಕ್ಕೆ ನಿಮಗೆ ಬೇರೆ ದೇವರೇ ಸಿಗಲಿಲ್ವಾ ಅತ್ತೆ? ಗೊರವನಹಳ್ಳಿಗೆ ಬಸ್ಸಿದೆ. ಇಲ್ಲದ ಗವಿಯಮ್ಮನೇ ಬೇಕಿತ್ತಾ?"

"ಗೊರವನಳ್ಳಿ ಅಮ್ಮಂಗೆ ನೀನು ಯಾರು ಅಂತ ಹೆಂಗೆ ಗೊತ್ತಾಗ್ತದೆ? ಇವಳಿಗಾದ್ರೆ ನೋಡಿ ನೋಡಿ ಗೊತ್ತು," ಎಂದರು ಅತ್ತೆ.

ಅಲ್ಲಿ ಇರುವುದು ಚಿತ್ರಗಳು, ದೇವರಲ್ಲ. ಸುಣ್ಣ ಬಿದ್ದರೆ ಎಲ್ಲ ಹಾಳು ಎಂದು ಕೂಗಾಡಿದೆ. ಅತ್ತೆ ತಿರುಗಿ ಕೂಗಲಿಲ್ಲ. ಅದೇ ಕಷ್ಟವಾಯಿತು. ಬಳಿಯದಿದ್ದರೆ ಕೊಟ್ಟದ್ದನ್ನು ಅವಳು ವಾಪಸ್ ಇಸ್ಕೋತಾಳೆ ಎಂದಷ್ಟೇ ಹೇಳಿ ಒಳಗೆ ಹೋದರು. ಕೊಟ್ಟದ್ದು ಅಂದರೆ ನಾನು. ನನ್ನ ಜೀವ ಹೋಗುತ್ತದೆ ಎಂದು ಅವರು ನಿಜವಾಗಿಯೂ ಹೆದರಿದ್ದರು. ಸಂಜೆ ಮುದ್ದೆ ಮುರಿದು ಹಾಗೇ ಬಿಟ್ಟು ಎದ್ದರು. ಅವರ ಹೆದರಿಕೆಯನ್ನು ತೆಗೆದುಹಾಕುವಂಥ ಒಂದು ಮಾತೂ ನನ್ನ ಇತಿಹಾಸದ ಪುಸ್ತಕಗಳಲ್ಲಿರಲಿಲ್ಲ. ಗಂಡನಿಗೆ ಫೋನ್ ಮಾಡಿದರೆ ಅವನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. "ನೀವಿಬ್ಬರೂ ಏನಾದ್ರೂ ಮಾಡ್ಕೊಳ್ಳಿ," ಎಂದ.

ಬೆಳಿಗ್ಗೆ ಉಪಾಯ ಹೂಡಿದೆ. ಗವಿಯ ಆಚೆ ದೊಡ್ಡ ಗುಂಡುಕಲ್ಲಿದೆ, ಅದಕ್ಕೆ ಬಳಿಯೋಣ ಅತ್ತೆ, ಎಂದೆ. ಅವರು ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ನಿನಗೆ ಸೀರೆ ತರ್ತೀನಿ ಅಂತೇಳಿ ಪಕ್ಕದ್ಮನೆಯವಳಿಗೆ ಉಡಿಸಿದ್ರೆ ಸುಮ್ನಿರ್ತೀಯಾ?"

ಸುಮ್ಮನಿರುವುದಿಲ್ಲ, ನಿಜ. ಕೊನೆಗೆ ಒಂದೇ ದಾರಿ ಉಳಿಯಿತು. ಒಂದು ಸಲ ನನ್ನ ಜೊತೆ ಬಂದು ಸರಿಯಾಗಿ ನೋಡಿ, ಆಮೇಲೂ ಬಳಿಯಬೇಕೆನಿಸಿದರೆ ನಾನು ಅಡ್ಡ ಬರುವುದಿಲ್ಲ ಎಂದೆ.

ಅತ್ತೆ ಸುಣ್ಣದ ಬಿಂದಿಗೆಯನ್ನು ತಲೆಯ ಮೇಲೆ ಹೊತ್ತು ಹೊರಟರು. ಕುಂಚ ಸೊಂಟಕ್ಕೆ ಸಿಕ್ಕಿಸಿದ್ದರು. ಆಪರೇಷನ್ನಿನ ಹೊಲಿಗೆ ಇನ್ನೂ ಎಳೆಯುತ್ತಿದ್ದುದರಿಂದ ನಾನು ಅಲ್ಲಲ್ಲಿ ನಿಂತರೆ ಅವರೂ ಮಂಡಿ ನೋವೆಂದು ನೆಪ ಹೇಳಿ ನಿಲ್ಲುತ್ತಿದ್ದರು. ಗವಿ ತಲುಪುವ ಹೊತ್ತಿಗೆ ಬಿಸಿಲೇರಿತ್ತು.

ಬಂಡೆಯ ಮುಂದೆ ಅವರನ್ನು ಕೂರಿಸಿದೆ. ಮೊದಲು ಏನೂ ಕಾಣಿಸಲಿಲ್ಲ ಅವರಿಗೆ. ಬೆರಳು ಮುಟ್ಟಿಸದೆ ಗಾಳಿಯಲ್ಲೇ ಗೀಟು ಎಳೆದು ತೋರಿಸಿದೆ. ಇದು ಕೊಂಬು, ಇದು ಬೆನ್ನ ಮೇಲಿನ ಹಿಣಿಲು, ಇದು ಬಾಲ. ಆಮೇಲೆ ಒಂದರ ಹಿಂದೊಂದು ಕಾಣತೊಡಗಿದವು. ಹಸು ಮತ್ತು ಕರು ಕಂಡಾಗ "ಅಯ್ಯೋ ನನ್ನವ್ವ," ಎಂದು ಕೆನ್ನೆಗೆ ಕೈ ಇಟ್ಟುಕೊಂಡರು. ಬಹಳ ಹೊತ್ತು ನೋಡಿದರು.

"ಬಳಿದ್ರೆ ಇವೆಲ್ಲ ಹೋಗ್ತವಾ?"

"ಹೋಗ್ತವೆ ಅತ್ತೆ. ಮತ್ತೆ ಬರಲ್ಲ."

"ನೀನು? ನೀನು ಬರ್ತೀಯಾ ಇಲ್ಲಿಗೆ?"

ಬರುತ್ತೇನೆ ಎಂದು ಸುಳ್ಳು ಹೇಳಬಹುದಿತ್ತು. "ಏನು ನೋಡೋಕೆ ಬರಲಿ ಅತ್ತೆ," ಎಂದೆ. ಅಷ್ಟರಲ್ಲಿ ಅಳು ಬಂದೇಬಿಟ್ಟಿತು. ಆಸ್ಪತ್ರೆಯಲ್ಲೂ ಅಳದವಳು ನಾನು.

ಅತ್ತೆ ನನ್ನನ್ನೂ ಬಂಡೆಯನ್ನೂ ನೋಡಿದರು. ಕುಂಚವನ್ನು ಸೊಂಟದಿಂದ ತೆಗೆದು ಗವಿಯ ಹೊರಗೆ ಎಸೆದರು. ಆಮೇಲೆ ಪೂಜೆಗೆಂದು ತಂದಿದ್ದ ಅರಿಶಿನದ ಪೊಟ್ಟಣ ಬಿಚ್ಚಿದರು. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಅದಕ್ಕೆ ಅರಿಶಿನ ಬಳಿದು, ಎಲೆಅಡಿಕೆ ಚೀಲದಿಂದ ಒಂದು ನಾಣ್ಯ ತೆಗೆದು ಗಂಟು ಕಟ್ಟಿದರು. ನನಗೆ ಗೊತ್ತಾಯಿತು, ಅದು ತಪ್ಪು ಕಾಣಿಕೆ. ಕೊಟ್ಟ ಮಾತು ನಡೆಸಲಾಗದವರು ದೇವರ ಮುಂದೆ ತಪ್ಪಾಯಿತೆಂದು ಇಡುವ ಗಂಟು. ಯಾರಿಗಾಗಿ ಹೊತ್ತ ಹರಕೆಯೋ ಅವರ ತಲೆಗೆ ನಿವಾಳಿಸಿ ಇಡುವುದು ನಮ್ಮ ಕಡೆ ರೂಢಿ. ನಾನು ತಲೆ ಬಗ್ಗಿಸಿದೆ.

ಅತ್ತೆ ಗಂಟನ್ನು ನನ್ನ ಕಡೆ ತರಲಿಲ್ಲ. ತಮ್ಮ ತಲೆಗೇ ನಿವಾಳಿಸಿಕೊಂಡರು.

"ನೋಡವ್ವ," ಎಂದರು ಗೂಳಿಗಳಿಗೆ ಕೇಳುವ ಹಾಗೆ ಗಟ್ಟಿಯಾಗಿ. "ಮಾತು ಕೊಟ್ಟೋಳು ನಾನು, ತಪ್ಪಿದೋಳೂ ನಾನು. ಇಸ್ಕೊಳ್ಳೋದಿದ್ರೆ ನನ್ನ ಇಸ್ಕೊ. ಇವಳ ತಂಟೆಗೆ ಬರಬ್ಯಾಡ."

ಗಂಟನ್ನು ಬಂಡೆಯ ಬುಡದಲ್ಲಿಟ್ಟು, ಬಾಗಿ ಹಣೆಯನ್ನು ನೆಲಕ್ಕೆ ಹಚ್ಚಿದರು. ಬಗ್ಗಿದ ಆ ಸಣ್ಣ ಬೆನ್ನನ್ನು ನೋಡಿದೆ. ಅಲ್ಲಿ ಯಾವ ದೇವರೂ ಇಲ್ಲವೆಂದು ಹಿಂದಿನ ದಿನ ಊರಿಗೆ ಕೇಳುವಂತೆ ಕೂಗಿದವಳು ನಾನು. ಅತ್ತೆ ತಲೆಯೆತ್ತುವುದರೊಳಗೆ ಬೇಗ ಬೇಗ ಕೈ ಮುಗಿದೆ. ಅವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಬೇಡ ತಾಯಿ, ಎಂದು ಬೇಡಿಕೊಂಡೆ.