ಗಾಲಿಕುರ್ಚಿಯ ಫೋಟೊ

ಸಂಡೂರಿನ ನನ್ನ ಸ್ಟುಡಿಯೊ ಮುಂದೆ ಹೆಂಗಸೊಬ್ಬರು ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಬಂದು ನಿಂತರು. ಕುರ್ಚಿಯ ಬೆನ್ನಿಗೆ ಗಣಿ ಕಂಪನಿಯೊಂದರ ಹೆಸರಿತ್ತು. ಕಂಪನಿಗಳು ಲಾಭದ ಒಂದಿಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕೆಂಬ ಕಾನೂನಿದೆಯಲ್ಲ, ಅದರಡಿ ಎರಡು ತಿಂಗಳ ಹಿಂದೆ ಹಂಚಿದ ಕುರ್ಚಿಗಳಲ್ಲಿ ಅದೂ ಒಂದು. ಅವತ್ತು ಫೋಟೊ ತೆಗೆದವನು ನಾನೇ.

“ನಮ್ಮ ಮನಿಯವ್ರು ತೀರ್ಕೊಂಡ್ರು ಅಣ್ಣಾ. ಕುರ್ಚಿ ವಾಪಸ್ ಕೊಡಾಕ ಹೊಂಟೀನಿ, ಇನ್ನೊಬ್ರಿಗಾದ್ರೂ ಆಗ್ಲಿ. ಅವತ್ತು ನೀವು ತೆಗೆದ ಫೋಟೊ ಒಂದು ಕೊಡ್ರಿ. ಆಧಾರ್ ಕಾರ್ಡಿನ್ಯಾಗ ಅವ್ರು ಅವ್ರಂಗ ಇಲ್ಲ.”

ಕಂಪ್ಯೂಟರಿನಲ್ಲಿ ಹುಡುಕಿದೆ. ಒಬ್ಬೊಬ್ಬರಿಗೆ ಒಂದೇ ಫೋಟೊ, ಬ್ಯಾನರ್ ಪೂರ್ತಿ ಬರಬೇಕು, ಸಾಹೇಬರು ಕಾಣಬೇಕು ಎಂದು ಕಂಪನಿಯವರು ಹೇಳಿದ್ದರು. ಹಾಗೇ ತೆಗೆದಿದ್ದೆ. ಬ್ಯಾನರಿನ ಒಂದಕ್ಷರವೂ ತಪ್ಪಿರಲಿಲ್ಲ. ಬಗ್ಗಿ ಹಾರ ಹಾಕುತ್ತಿದ್ದ ಸಾಹೇಬರು ನಗುತ್ತಿದ್ದರು. ಕುರ್ಚಿಯಲ್ಲಿ ಕೂತವರ ಮುಖ ಮಾತ್ರ ಸಾಹೇಬರ ತೋಳಿನ ಹಿಂದೆ ಮುಚ್ಚಿಹೋಗಿತ್ತು.

ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. ಆಕೆ ಬಹಳ ಹೊತ್ತು ನೋಡಿದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, “ಅಂಗಿ ಅವ್ರದೇ ಐತಿ. ಅವತ್ತಿಗಂತ ಹೊಸಾದು ಹಾಕ್ಕೊಂಡಿದ್ರು. ಇದನ್ನ ಕೊಡ್ರಿ,” ಎಂದರು. ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟೆ. ದುಡ್ಡು ಬೇಡವೆಂದರೂ ಕೇಳಲಿಲ್ಲ.

ಮೊನ್ನೆ ಅವರ ಊರಿಗೆ ಹೋದಾಗ ಆ ಮನೆಗೂ ಹೋದೆ. ಗೋಡೆಯ ಮೇಲೆ ಅದೇ ಫೋಟೊ, ಅದಕ್ಕೊಂದು ಹೂವಿನ ಹಾರ. ಹಣೆ ಇರಬೇಕಾದ ಜಾಗಕ್ಕೆ ಆಕೆ ದಿನಾ ವಿಭೂತಿ ಹಚ್ಚುತ್ತಾರೆ. ಅದು ಸಾಹೇಬರ ತೋಳಿಗೆ ಮೆತ್ತಿಕೊಂಡಿದೆ.