ಸೋಫಾದ ಕೆಳಗಿನ ವೃತ್ತ

ಹೋದ ವಾರ ನಾನು ಒಂದು ಮೊಟ್ಟೆಯ ಮುಂದೆ ಕೂತು ಭಾಷಣ ಕೇಳಿ ಬಂದೆ.

ಕೋಳಿ ಮೊಟ್ಟೆಯಲ್ಲ. ಗೋಡೆ ತುಂಬ ಅಡ್ಡಡ್ಡ ಹರಡಿಕೊಂಡ ಫ್ಲೆಕ್ಸ್ ಮೊಟ್ಟೆ. ಅದರ ಕೆಳಗೆ ದಪ್ಪ ಕೆಂಪು ಅಕ್ಷರದಲ್ಲಿ ‘ವೃತ್ತ’ ಎಂದು ಬರೆದಿತ್ತು. ಮೇಲೆ ಇನ್ನೂ ದಪ್ಪ ಅಕ್ಷರದಲ್ಲಿ ‘ಕಲೆಯ ಮೂಲಕ ಗಣಿತ’. ಬಲಮೂಲೆಯಲ್ಲಿ ಮುಖ್ಯ ಅತಿಥಿಗಳ ಫೋಟೋ. ಎಡಮೂಲೆಯಲ್ಲಿ ಶಾಲೆಯ ಕಾರ್ಯದರ್ಶಿಗಳು ಕೈಮುಗಿದ ಫೋಟೋ. ಅಷ್ಟು ದೊಡ್ಡ ಫ್ಲೆಕ್ಸಿನಲ್ಲಿ ನಿಜವಾಗಿ ದುಂಡಗಿದ್ದದ್ದು ಒಂದೇ: ಅತಿಥಿಗಳ ಮುಖ.

ನಗುವ ಮೊದಲು ಇನ್ನೊಂದು ಮಾತು ಕೇಳಿ. ಆ ಮೊಟ್ಟೆ ಹುಟ್ಟುವಾಗ ವೃತ್ತವೇ ಆಗಿತ್ತು. ನನ್ನ ಮಗಳು ಮತ್ತು ಅವಳ ಕ್ಲಾಸಿನ ಮಕ್ಕಳು ಬಿಡಿಸಿದ ವೃತ್ತ. ಅದನ್ನು ಮೊಟ್ಟೆ ಮಾಡಿದವರು ದೊಡ್ಡವರು.

ಮಗಳ ಹೆಸರು ಸುಜಾತಾ, ಏಳನೇ ಕ್ಲಾಸು. ಹೊಸಪೇಟೆಯ ಒಂದು ಖಾಸಗಿ ಶಾಲೆ (ಹೆಸರು ಬೇಡ, ಎಲ್ಲಾ ಶಾಲೆಗಳ ಗೋಡೆಯ ಮೇಲೂ ಇಂಥದ್ದೊಂದು ಫ್ಲೆಕ್ಸ್ ಇದ್ದೇ ಇರುತ್ತದೆ). ಅವಳಿಗೆ ಗಣಿತ ಹೇಳಿಕೊಡುವವರು ಶಶಿಕಲಾ ಮಿಸ್. ದಿನಾ ಕಂಪ್ಲಿಯಿಂದ ಬಸ್ಸಿಗೆ ಬಂದು ಹೋಗುವ ಚಿಕ್ಕ ವಯಸ್ಸಿನ ಟೀಚರು. ‘ಕಲೆಯ ಮೂಲಕ ಗಣಿತ’ ಎಂದು ಕಾರ್ಯಕ್ರಮ ಮಾಡಲು ಶಾಲೆ ಹೇಳಿದಾಗ ಆ ಹೆಣ್ಣುಮಗಳು ಅದನ್ನು ನಿಜ ಎಂದು ನಂಬಿಬಿಟ್ಟರು. ಅದೇ ಅವರು ಮಾಡಿದ ತಪ್ಪು.

ಅವರು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋದರು. ಒಂದು ಗೂಟ ಹೊಡೆಸಿದರು. ಒಂದು ಹಗ್ಗ, ಅದರ ತುದಿಗೆ ಹಳೆ ಪೇಂಟ್ ಬ್ರಷ್, ಬಕೆಟ್ಟಿನಲ್ಲಿ ಸುಣ್ಣದ ನೀರು. ‘ದೊಡ್ಡ ಹೂವು ಬಿಡಿಸೋಣ, ಮೊದಲು ಸುತ್ತು ಹಾಕ್ರಿ’ ಅಂದರು. ಮಕ್ಕಳು ಹಗ್ಗವನ್ನು ಗೂಟಕ್ಕೆ ಬಿಗಿಯಾಗಿ ಕಟ್ಟಿ ಸುತ್ತು ಹಾಕಿದರು. ಹೊರಟ ಜಾಗಕ್ಕೆ ಬಂದು ನೋಡಿದರೆ ಗೆರೆಗೆ ಗೆರೆ ಕೂಡಿಲ್ಲ! ಒಂದು ಗೇಣು ಒಳಗೆ ಬಂದಿದೆ.

ಯಾಕೆ?

ಮಿಸ್ ಹೇಳಲಿಲ್ಲ. ಸುಮ್ಮನೆ ನೆರಳಿಗೆ ಹೋಗಿ ನಿಂತರು. ಮಕ್ಕಳು ಜಗಳವಾಡಿದರು. ನೀನು ಹಗ್ಗ ಸಡಿಲ ಬಿಟ್ಟಿ, ನೀನು ಗೂಟ ಅಲ್ಲಾಡಿಸಿದಿ ಎಂದು ಕೂಗಾಡಿದರು. ಕೊನೆಗೆ ಯಾರಿಗೋ ಕಂಡಿತು. ಸುತ್ತುತ್ತಾ ಹೋದಂತೆ ಹಗ್ಗ ಗೂಟಕ್ಕೇ ಸುತ್ತಿಕೊಳ್ಳುತ್ತಿದೆ, ಹಾಗಾಗಿ ಗಿಡ್ಡವಾಗುತ್ತಿದೆ! ಬಿಗಿ ಗಂಟು ಬಿಚ್ಚಿ, ಗೂಟದ ಸುತ್ತ ಸಲೀಸಾಗಿ ತಿರುಗುವ ಕುಣಿಕೆ ಹಾಕಿದರು. ಈ ಸಲ ಗೆರೆ ಬಂದು ಗೆರೆಗೆ ಮುಟ್ಟಿತು.

ಹತ್ತನೇ ಕ್ಲಾಸನ್ನು ನಾನು ಕಟ್ಟಿ ಪಾಸಾದದ್ದು ಮೀಸೆಯಲ್ಲಿ ಬಿಳಿ ಕೂದಲು ಬಂದ ಮೇಲೆ. ಸಂಡೂರು ಕಡೆಯ ಗಣಿಗೆ ಸ್ಟಾಫ್ ಬಸ್ ಓಡಿಸುತ್ತಾ, ಶಿಫ್ಟ್ ಬಿಡುವವರೆಗೆ ಸ್ಟೇರಿಂಗಿನ ಮೇಲೆ ಗೈಡ್ ಇಟ್ಟುಕೊಂಡು ಓದಿದವನು. ‘ಸ್ಥಿರ ಬಿಂದುವಿನಿಂದ ಸಮಾನ ದೂರದಲ್ಲಿರುವ ಬಿಂದುಗಳ ಗಣವೇ ವೃತ್ತ’ ಎಂದು ಬಾಯಿಪಾಠ ಮಾಡಿದೆ, ಬರೆದೆ, ಪಾಸಾದೆ. ಸ್ಥಿರ ಬಿಂದು ಅಂದರೆ ಒಂದು ಗೂಟ, ಸಮಾನ ದೂರ ಅಂದರೆ ಒಂದು ಹಗ್ಗ ಎಂದು ನನಗೆ ಯಾರೂ ಹೇಳಿರಲಿಲ್ಲ. ಮಗಳು ಹೇಳಿದಳು. ಮನೆಯ ಮಾಳಿಗೆಯ ಮೇಲೆ, ಅವರವ್ವನ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಕೊಂಡು.

‘ಏನ್ರಿ, ಅಪ್ಪ ಮಗಳು ಹಗ್ಗ ಹಿಡಕೊಂಡು ಯಾರ್ನ ಕಟ್ಟಿಹಾಕಾಕ ಹೊಂಟೀರಿ?’ ಎಂದು ನನ್ನ ಹೆಂಡತಿ ಮೆಟ್ಟಿಲ ಮೇಲಿಂದಲೇ ಬೈದಳು. ಒದ್ದೆ ಬಟ್ಟೆಯ ಬುಟ್ಟಿ ಅವಳ ಸೊಂಟದಲ್ಲಿತ್ತು.

‘ಯವ್ವಾ, ಒಂಚೂರು ತಡಿ. ಅಪ್ಪಾ, ನೀ ಇಲ್ಲೆ ಕೇಳು. ಯಾವ ಹಗ್ಗದಾಗ ಸುತ್ತು ಹಾಕಿದ್ವಿ, ಅದ ಹಗ್ಗ ನೆಟ್ಟಗ ಬಿಗಿ ಹಿಡಿದು, ಗೆರಿ ಮ್ಯಾಲಿನ ಒಂದು ಜಾಗದಿಂದ ಇನ್ನೊಂದು ಜಾಗಕ್ಕ ಅಳೀತಾ ಹೋಗ್ಬೇಕು. ಒಂದು, ಎರಡು, ಮೂರು… ಐದು ಆದಾಗ ಇದು ಕೂಡಂಗಿಲ್ಲ ಬಿಡು ಅನ್ನಿಸ್ತೈತಿ. ಆರನೇದ್ದು ನೋಡು.’

ಆರನೆಯದು ಹೊರಟ ಜಾಗಕ್ಕೇ ಬಂದು ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಇಷ್ಟು ವರ್ಷ ಚಕ್ರಗಳ ಮೇಲೆ ಕೂತು ಅನ್ನ ತಿಂದವನು ನಾನು, ಚಕ್ರದ ಹೊಟ್ಟೆಯಲ್ಲಿ ಹೀಗೊಂದು ಲೆಕ್ಕ ಇದೆ ಎಂದು ಗೊತ್ತೇ ಇರಲಿಲ್ಲ. ಆ ಆರು ಜಾಗದಲ್ಲಿ ಗೂಟ ಇಟ್ಟು ಅದೇ ಹಗ್ಗ ತಿರುಗಿಸಿದರೆ ಒಳಗೆ ಆರು ದಳದ ಹೂವು ಅರಳುತ್ತದೆ. ನೆಂಟರು ಬಂದಾಗಲೆಲ್ಲ ಹಂಪಿಗೆ ಕರೆದುಕೊಂಡು ಹೋಗುತ್ತೇವೆ. ಮಂಟಪದ ಚಾವಣಿಯ ಕಲ್ಲಿನ ಕಮಲದ ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತೇವೆ. ಅದನ್ನು ಕೆತ್ತಿದವನು ಮೊದಲ ಗೆರೆ ಹೇಗೆ ಹಾಕಿರಬಹುದು ಎಂದು ಒಬ್ಬರಾದರೂ ಕತ್ತೆತ್ತಿ ನೋಡಿದ್ದೇವೆಯೇ? ಇಲ್ಲ. ಕ್ಯಾಮೆರಾ ಎತ್ತಿದ್ದೇವೆ.

‘ಫಂಕ್ಷನ್ ದಿನ ಎಲ್ರ ಮುಂದ ಇದನ್ನ ನಾನ ಮಾಡಿ ತೋರಸ್ತೀನಪಾ. ಮಿಸ್ ಹೇಳ್ಯಾರ. ಆರನೇದ್ದು ಮುಟ್ಟಿದ ಕೂಡ್ಲೇ ಎಲ್ರೂ ಹಾ ಅಂತ ಬಾಯಿ ತಗೀತಾರ ನೋಡು!’ ಅಂದಳು ಸುಜಾತಾ.

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಬಹುಮಾನದ ಕಪ್ಪು ಬೇಡ, ಸರ್ಟಿಫಿಕೇಟು ಬೇಡ. ತಾನು ಕಂಡು ಬೆರಗಾದದ್ದನ್ನು ಇನ್ನೊಬ್ಬರೂ ಕಾಣಬೇಕು. ಮಗು ಅಂದರೆ ಅಷ್ಟೇ ಅಲ್ಲವೇ?

ಆಮೇಲೆ ದೊಡ್ಡವರು ಬಂದರು.

ಕಾರ್ಯದರ್ಶಿಗಳು ಅಂಗಳಕ್ಕೆ ಬಂದು, ಸುಣ್ಣದ ಹೂವು ನೋಡಿ, ‘ನೆಲದ ಮ್ಯಾಲ ಬಿಡಿಸಿದ್ರ ಫೋಟೋದಾಗ ಎಲ್ಲಿ ಬರತೈತ್ರಿ?’ ಎಂದರಂತೆ. ಅವರ ಪ್ರಕಾರ ಫೋಟೋದಲ್ಲಿ ಬರದೇ ಇರುವುದು ನಡೆದೇ ಇಲ್ಲ. ಮೇಲಿನ ಮಹಡಿಯ ಕಟ್ಟೆಯಿಂದ ಓರೆಯಾಗಿ ಒಂದು ಫೋಟೋ ಹೊಡೆಸಿದರು. ಅದು ವಾಟ್ಸಾಪಿನಲ್ಲಿ ಫ್ಲೆಕ್ಸ್ ಅಂಗಡಿಗೆ ಹೋಯಿತು. ಶಾಲೆಯ ಬಳಿ ಒಂದು ಕಬ್ಬಿಣದ ಫ್ರೇಮ್ ಇದೆ, ನಾಯಕರ ಹುಟ್ಟುಹಬ್ಬಕ್ಕೆ ಶುಭಾಶಯ ಕೋರುವ ಅಡ್ಡಗಲದ ಫ್ರೇಮ್. ಅಂಗಡಿಯವರು ಫ್ರೇಮು ತುಂಬಬೇಕೆಂದು ಹೂವನ್ನು ಎರಡೂ ಕಡೆ ಹಿಡಿದು ಎಳೆದರು. ನಾಯಕರ ಮುಖ ಎಳೆದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು. ಅದಕ್ಕೆ ಮುಖಗಳನ್ನು ಮಾತ್ರ ಬೇರೆಯಾಗಿ, ಜೋಪಾನವಾಗಿ ಕೂರಿಸಿದ್ದರು.

ಕಾರ್ಯಕ್ರಮದ ದಿನ ನಾನು ರಜೆ ಹಾಕಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಅಂಗಳದಲ್ಲಿ ವೃತ್ತವೇ ಇಲ್ಲ! ಅದರ ಮೇಲೆ ಜಮಖಾನೆ. ಜಮಖಾನೆಯ ಮೇಲೆ ಅತಿಥಿಗಳಿಗೆ ಸೋಫಾ. ಸೋಫಾದ ಮೇಲೆ ಬಿಳಿ ಟವೆಲ್ಲು. ಎದುರಿಗೆ ವೇದಿಕೆ, ವೇದಿಕೆಯ ಹಿಂದೆ ಮೊಟ್ಟೆ.

ಸುಜಾತಾ ವೇದಿಕೆಯ ಮೇಲೆ ಒಂದು ದಾರ ಹಿಡಿದು ನಿಂತಿದ್ದಳು. ದಾರದ ಒಂದು ತುದಿಯನ್ನು ಮೊಟ್ಟೆಯ ನಡುವೆ ಒತ್ತಿ, ಇನ್ನೊಂದು ತುದಿಯನ್ನು ತಿರುಗಿಸುತ್ತಿದ್ದಳು. ಮೇಲೆ ದಾರ ಗೆರೆ ದಾಟಿ ಹೋಗುತ್ತಿತ್ತು, ಬದಿಗೆ ತಂದರೆ ಗೆರೆಗೆ ಮುಟ್ಟುತ್ತಲೇ ಇರಲಿಲ್ಲ.

‘ಮಿಸ್, ಮುಟ್ಟವಲ್ದರಿ’ ಎಂದಳು. ಶಶಿಕಲಾ ಮಿಸ್ ಕಾರ್ಯದರ್ಶಿಗಳ ಕಡೆ ತಿರುಗಿದರು. ಅವರು ಹೇಳಿದರು: ‘ದಾರ ಗೀರ ಬ್ಯಾಡ ತಂಗಿ. ಬರೇ ಬಾಯಿಲೆ ಹೇಳಿ ಇಳಿದುಬಿಡು. ಕೇಂದ್ರದಿಂದ ಎಲ್ಲಾ ಕಡೆ ಸಮ ಐತಿ ಅಂತ.’

‘ಸಮ ಇಲ್ಲಲ್ರಿ ಸರ್?’

‘ಐತಿ ಅನ್ನವಾ. ಅಂದ್ರ ಏನಾಗತೈತಿ?’

ಇದೇ ನೋಡಿ ನಮ್ಮ ವಿದ್ಯಾಭ್ಯಾಸ. ಅಂದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅದೇ ಭಯ.

ನಾನು ತಡೆಯಲಾಗದೆ ಹತ್ತಿರ ಹೋದೆ. ‘ಸರ್, ಇದು ಎಳದು ಉದ್ದ ಆಗೇತ್ರಿ. ಹಂಗಂತ ಬರದು ಕೆಳಗ ಒಂದು ಚೀಟಿ ಆದ್ರೂ ಅಂಟಿಸ್ರಿ.’

‘ಏ ಡ್ರೈವರ್ ಸಾಹೇಬ್ರ, ಯಾವಾಗ ಗಣಿತ ಮಾಸ್ತರ್ ಆದ್ರಿ?’

‘ಮಾಸ್ತರ್ ಅಲ್ಲರಿ. ಆದ್ರ ಈ ಆಕಾರದ ಟೈರ್ ಹಾಕ್ಕೊಂಡು ಸಂಡೂರು ಘಾಟ್ ಇಳೀರಿ ಅಂದ್ರ, ನಾ ಅಂತೂ ಇಳಿಯಂಗಿಲ್ಲ.’

ಸುತ್ತ ನಿಂತವರು ನಕ್ಕರು. ಕಾರ್ಯದರ್ಶಿಗಳೂ ನಕ್ಕರು. ಕಾರಿನ ಕೀ ತಿರುಗಿಸುತ್ತಾ ನಿಂತಿದ್ದ ಒಬ್ಬ ಪೋಷಕರು ನನ್ನ ಹೆಗಲ ಮೇಲೆ ಕೈ ಹಾಕಿ, ‘ಆರ್ಟ್ ಅಂದ್ರ ಹಂಗ ಇರತೈತಿ ಬಿಡ್ರಿ, ಮಾಡರ್ನ್ ಆರ್ಟ್’ ಎಂದರು. ಎಷ್ಟು ಸಲೀಸು! ಗಣಿತ ತಪ್ಪಿದರೆ ಅದನ್ನು ಕಲೆ ಅನ್ನುವುದು. ಕಲೆಯೂ ತಪ್ಪಿದರೆ ಮಕ್ಕಳು ಮಾಡಿದ್ದು ಅನ್ನುವುದು. ಫ್ಲೆಕ್ಸ್ ಮಾತ್ರ ಯಾವತ್ತೂ ತಪ್ಪುವುದಿಲ್ಲ, ಅದು ಗೋಡೆಯ ಮೇಲಿರುತ್ತದೆ.

ಅತಿಥಿಗಳು ಬಂದರು. ತಡವಾಗಿಯೇ ಬಂದರು (ಬೇಗ ಬಂದರೆ ಅವರು ಅತಿಥಿಗಳೇ ಅಲ್ಲ). ಹಾರ, ಶಾಲು, ಮೈಸೂರು ಪೇಟ. ಆಮೇಲೆ ಭಾಷಣ. ‘ಮಕ್ಕಳೇ, ಜೀವನದಲ್ಲಿ ಏಕಾಗ್ರತೆ ಮುಖ್ಯ. ಒಂದು ಕೆಲಸ ಹಿಡಿದರೆ ಕೊನೆ ಮುಟ್ಟುವವರೆಗೆ ಬಿಡಬಾರದು’ ಎಂದರು. ಇದನ್ನೇ ತಿರುಗಿಸಿ ತಿರುಗಿಸಿ, ಬಿಸಿಲು ಶಾಮಿಯಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವವರೆಗೆ ಹೇಳಿದರು. ಮುಂದೆ ಕೂತಿದ್ದ ಒಂದನೇ ಕ್ಲಾಸಿನ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದವು.

ಅತಿಥಿಗಳು ಹೋಗಿ ಸೋಫಾದಲ್ಲಿ ಕೂತ ಮೇಲೆ ಸುಜಾತಾಳ ಸರದಿ ಬಂತು. ಮೈಕು ಹಿಡಿದಳು. ನನ್ನ ಕೈ ಬೆವರುತ್ತಿತ್ತು. ಘಾಟಿನ ತಿರುವಿನಲ್ಲೂ ಹೀಗೆ ಬೆವರಿದವನಲ್ಲ ನಾನು.

‘ವೃತ್ತದ ಕೇಂದ್ರದಿಂದ ಅದರ ಅಂಚಿನ ಎಲ್ಲಾ ಬಿಂದುಗಳೂ ಸಮಾನ ದೂರದಲ್ಲಿರುತ್ತವೆ…’ ಎಂದು ಬಾಯಿಪಾಠ ಒಪ್ಪಿಸಿ ನಿಂತಳು. ಕಾರ್ಯದರ್ಶಿಗಳು ಚಪ್ಪಾಳೆಗೆ ಕೈ ಎತ್ತಿದ್ದರು. ಅವಳು ಫ್ಲೆಕ್ಸಿನ ಕಡೆ ತಿರುಗಿ ನೋಡಿದಳು. ಮಿಸ್ ಕಡೆ ನೋಡಿದಳು. ಆಮೇಲೆ ಅಂದಳು:

‘ಆದ್ರ ಇದು ವೃತ್ತ ಅಲ್ಲರಿ ಸರ್. ಇದನ್ನ ಎಳದಾರ್ರಿ. ನಾವು ಬಿಡಿಸಿದ ವೃತ್ತ ನಿಮ್ಮ ಸೋಫಾದ ಕೆಳಗ ಐತ್ರಿ.’

ಅತಿಥಿಗಳು ಎರಡೂ ಕಾಲು ಮೇಲೆತ್ತಿಕೊಂಡರು.

‘ಏನು, ಕೆಳಗ ರಂಗೋಲಿ ಐತಾ? ಅಯ್ಯಯ್ಯ! ರಂಗೋಲಿ ತುಳೀತಾರೇನ್ರಿ ಯಾರಾದ್ರೂ? ಮೊದಲ ಹೇಳಬಾರದಾ?’ ಎನ್ನುತ್ತಾ ಚಪ್ಪಲಿ ಬಿಟ್ಟು ಎದ್ದು ನಿಂತರು.

‘ಏ, ಸೋಫಾ ಎತ್ರಲೇ! ಜಮಖಾನಿ ಸುತ್ರಿ ಜಲ್ದಿ!’ ಎಂದು ಕಾರ್ಯದರ್ಶಿಗಳು ಕೂಗಿದರು. ಬೆಳಿಗ್ಗೆ ಒಂದು ಚೀಟಿ ಅಂಟಿಸಲು ಒಪ್ಪದವರು ಈಗ ತಾವೇ ಸೋಫಾದ ಒಂದು ಕಾಲು ಹಿಡಿದಿದ್ದರು! ವೃತ್ತ ಎಂದರೆ ಒಂದು ಇಂಚೂ ಅಲುಗದ ಸೋಫಾ, ರಂಗೋಲಿ ಅಂದ ಕೂಡಲೇ ಗಾಳಿಯಲ್ಲಿ ತೇಲಿತು. ಸುಳ್ಳು ಹೇಳಿದರೆ ಇವರಿಗೆ ಏನೂ ಆಗುವುದಿಲ್ಲ. ರಂಗೋಲಿ ತುಳಿದರೆ ಮಾತ್ರ ಪಾಪ ತಟ್ಟುತ್ತದೆ.

ಜಮಖಾನೆಯ ಕೆಳಗೆ ಸುಣ್ಣದ ಹೂವು ಹಾಗೆಯೇ ಇತ್ತು. ಸೋಫಾದ ಕಾಲು ಊರಿದಲ್ಲಿ ಮಾತ್ರ ಸ್ವಲ್ಪ ಕೆದರಿತ್ತು. ಅತಿಥಿಗಳು ಬಾಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹಿಂದೆಯೇ ಇನ್ನಷ್ಟು ಜನ ಮುಟ್ಟಿ ಒತ್ತಿಕೊಂಡರು. ಕ್ಯಾಮೆರಾಗಳು ಮಿಂಚಿದವು. ಯಾರೋ ಹಾರದಿಂದ ಒಂದು ಚೆಂಡುಹೂವು ಕಿತ್ತು ನಡುವೆ ಇಟ್ಟರು.

‘ಸರ್, ಒಂದು ತೋರಸ್ತೀನ್ರಿ’ ಎಂದಳು ಸುಜಾತಾ. ಶಶಿಕಲಾ ಮಿಸ್ ಓಡಿಹೋಗಿ ಆ ಹಳೆ ಹಗ್ಗ ತಂದರು. ಮಿಸ್ ಒಂದು ತುದಿ, ಇವಳು ಒಂದು ತುದಿ.

‘ಒಂದು’ ಎಂದಳು. ಅತಿಥಿಗಳು ತಲೆಯಾಡಿಸಿ ‘ವೆರಿ ಗುಡ್’ ಎಂದರು. ‘ಎರಡು.’ ಅವರ ಫೋನು ರಿಂಗಾಯಿತು. ‘ಮೂರು.’ ‘ಹಾಂ, ಹೇಳ್ರಿ, ಹೊಂಟೀನಿ, ಮರಿಯಮ್ಮನಹಳ್ಳಿಗೆ ಬರಾಕತ್ತೀನಿ’ ಎನ್ನುತ್ತಾ ಚಪ್ಪಲಿ ಹುಡುಕಿದರು. ‘ನಾಲ್ಕು.’ ಕಾರ್ಯದರ್ಶಿಗಳು ದಾರಿ ಬಿಡಿಸುತ್ತಾ ಮುಂದೆ ಓಡಿದರು. ‘ಐದು.’ ಅಂಗಳದ ಜನವೆಲ್ಲ ಗೇಟಿನ ಕಡೆ ಹರಿಯಿತು. ಕಾರಿನ ಕೀ ತಿರುಗಿಸುತ್ತಿದ್ದವರೂ ಹೋದರು. ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

‘ಆರು’ ಎಂದಳು ನನ್ನ ಮಗಳು.

ಹಗ್ಗ ಹೊರಟ ಜಾಗಕ್ಕೇ ಬಂದು ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮಿಸ್ ನೋಡಿದರು, ನಾನು ನೋಡಿದೆ, ಅವಳ ಕ್ಲಾಸಿನ ಮಕ್ಕಳು ನೋಡಿದರು. ಅವರಿಗೆಲ್ಲ ಅದು ಮೊದಲೇ ಗೊತ್ತಿತ್ತು.

ಸಂಜೆ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂತು. ಅತಿಥಿಗಳು ಭಾಷಣ ಮಾಡುತ್ತಿದ್ದಾರೆ, ಹಿಂದೆ ಮೊಟ್ಟೆ, ಕೆಳಗೆ ‘ವೃತ್ತ’. ಹೆಬ್ಬೆರಳೆತ್ತಿದ ಮೆಚ್ಚುಗೆಗಳ ಸಾಲು. ಕಾರ್ಯದರ್ಶಿಗಳು ಶಶಿಕಲಾ ಮಿಸ್‌ಗೆ ಹೇಳಿದರಂತೆ: ‘ಮುಂದಿನ ಸಲ ಸುಣ್ಣದ ರಗಳೆ ಬ್ಯಾಡ್ರಿ ಮಿಸ್. ನೆಟ್ಟಿನ್ಯಾಗಿಂದ ಒಂದು ಮಸ್ತ್ ಡಿಸೈನ್ ತಗೊಂಡು ಸೀದಾ ಪ್ರಿಂಟ್ ಹಾಕಿಸಿಬಿಡೋಣು.’ ಆ ಫ್ಲೆಕ್ಸ್ ಈಗ ಶಾಲೆಯ ಬೋರ್‌ವೆಲ್ ಮೋಟಾರಿನ ಮೇಲೆ ಹೊದಿಕೆಯಾಗಿದೆ. ಅಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂತು.

ಆ ದಿನ ಮನೆಗೆ ಬರುವಾಗ ಸುಜಾತಾ ಬೈಕಿನ ಹಿಂದೆ ಕೂತಿದ್ದಳು. ನನ್ನ ಕಿವಿಯ ಬಳಿ ಬಾಗಿ, ‘ಅಪ್ಪಾ, ಅವರು ಆರನೇದ್ದು ನೋಡಲೇ ಇಲ್ಲ’ ಎಂದಳು.

ಮೊಬೈಲಿನಲ್ಲಿ ಈ ಬರಹ ಕುಟ್ಟುವಾಗ ಸಿಟ್ಟಿಗೆ ನನ್ನ ಒಂದೇ ಬೆರಳು ಎಲ್ಲೆಲ್ಲೋ ಬೀಳುತ್ತಿದೆ. ಅಳಿಸಿ ಅಳಿಸಿ ಬರೆಯುತ್ತಿದ್ದೇನೆ. ಅವಳ ಪರವಾಗಿ ಆ ಅತಿಥಿಗಳನ್ನೇ ಕೇಳುತ್ತೇನೆ.

ಕೊನೆ ಮುಟ್ಟುವವರೆಗೆ ಬಿಡಬಾರದು ಎಂದು ಅಷ್ಟು ಹೊತ್ತು ಹೇಳಿದಿರಲ್ಲ ಸ್ವಾಮಿ, ಇನ್ನೊಂದು ಹಗ್ಗದಳತೆ ನಿಲ್ಲಲು ನಿಮಗೆ ಆಗಲಿಲ್ಲವೇ?