ಅಕ್ಕಾತಾಯಿಯ ತುರಿಕೆ

ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಅಕ್ಕಾತಾಯಿಯನ್ನು ಹೊಗಳುವುದು ಅಪಾಯದ ಕೆಲಸವಾಗಿತ್ತು. ಸೀರೆ ಚೆನ್ನಾಗಿದೆ ಎಂದರೆ ಆ ಸೀರೆ ಅವತ್ತೇ ಪೆಟ್ಟಿಗೆ ಸೇರುತ್ತಿತ್ತು. ಮೊಮ್ಮಗಳು ದುಂಡಗಾಗಿದ್ದಾಳೆ ಎಂದರೆ, ಅಂದವರು ಮೂಲೆ ತಿರುಗುವ ಮೊದಲೇ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಇದೆ. ಖಾರ ಕುಟ್ಟುವವರ ಮನೆಯಲ್ಲಿ ಆ ಘಾಟು ಯಾವುದರದೆಂದು ಯಾರು ಹೇಳಬೇಕು? ಆಕೆಯೇ ಹೇಳುತ್ತಿದ್ದಳು, ಮತ್ತು ಯಾವಾಗಲೂ ದೃಷ್ಟಿ ಇದೆ ಎಂದೇ ಹೇಳುತ್ತಿದ್ದಳು.

ಆಕೆಯದು ಖಾರದ ಡಂಕ. ಕರೆಂಟಿನಿಂದ ಏಳುಬೀಳುವ ನಾಲ್ಕು ಕಬ್ಬಿಣದ ಒನಕೆ, ಅವುಗಳ ಕೆಳಗೆ ಒರಳು. ಗಂಡ ಹೋದ ಮೇಲೆ ಇಪ್ಪತ್ತಾರು ವರ್ಷ ಒಬ್ಬಳೇ ನಡೆಸಿದಳು. ಬೇಸಿಗೆ ಬಂತೆಂದರೆ ಹೆಂಗಸರು ಒಣಮೆಣಸಿನಕಾಯಿ, ಹುರಿದ ಮಸಾಲೆ, ಬೆಳ್ಳುಳ್ಳಿ ಹೊತ್ತುಕೊಂಡು ವರ್ಷದ ಚಟ್ನಿ ಕುಟ್ಟಿಸಲು ಸಾಲುಗಟ್ಟುತ್ತಿದ್ದರು. ಪಕ್ಕದ ಗೋಡೆಗೇ ನನ್ನ ಹೊಲಿಗೆ ಅಂಗಡಿ. ಹೀಗಾಗಿ ಆಕೆಯ ಖಾರವೂ ಆಕೆಯ ಮಾತೂ ನನಗೆ ತಪ್ಪಿದ್ದಿಲ್ಲ.

ಎದುರಿಗೆ ಹೌಸಾಬಾಯಿಯ ಡಂಕ. ಈ ಹೌಸಾಬಾಯಿ ಅಕ್ಕಾತಾಯಿಯ ಬಳಿಯೇ ಹನ್ನೊಂದು ವರ್ಷ ಖಾರ ಜರಡಿ ಹಿಡಿದವಳು. ಅಗಸರ ಪೈಕಿ, ಗಂಡ ಊರಿನ ಬಟ್ಟೆ ಒಗೆದೇ ಸತ್ತ. ಮಗ ದುಡಿಯಲು ಶುರು ಮಾಡಿದ ಮೇಲೆ ಆಕೆ ಬೇರೆಲ್ಲೂ ಜಾಗ ಇಲ್ಲವೆಂಬಂತೆ ಎದುರಿನ ಖೋಲಿ ಹಿಡಿದು ತನ್ನದೇ ಡಂಕ ಹಾಕಿದಳು. ಉಂಡ ಮನೆಯ ಜಂತೆ ಎಣಿಸಿದವಳು ಎಂದು ಅಕ್ಕಾತಾಯಿ ಎರಡು ವರ್ಷ ಆಕೆಯೊಡನೆ ಮಾತು ಬಿಟ್ಟಳು.

ಹೋಳಿ ಮುಗಿದ ಶನಿವಾರ ಹೌಸಾಬಾಯಿ ತಾನಾಗಿಯೇ ಬಂದು ಹೊಸ್ತಿಲ ಆಚೆ ನಿಂತಳು. "ಅಕ್ಕಾ, ನಿನ್ನ ಚಟ್ನಿ ಬಣ್ಣ ನನಗ ಇನ್ನೂ ಬರವಲ್ದು ನೋಡ" ಎಂದಳು. ಅಕ್ಕಾತಾಯಿ ಮುಖ ತಿರುಗಿಸಿದ್ದಕ್ಕೆ ಸ್ವಲ್ಪ ಹೊತ್ತು ನಿಂತು ಹೋದಳು. ರಾಜಿಗೆ ಬಂದಿದ್ದಳೆಂದು ನನಗೆ ಈಗ ಅನಿಸುತ್ತದೆ. ಆಗ ಅನಿಸಲಿಲ್ಲ.

ಐದನೆಯ ದಿನ ಅಕ್ಕಾತಾಯಿಯ ಸೊಂಟದಲ್ಲಿ ತುರಿಕೆ ಎದ್ದಿತು. ಮೊದಲು ಅಂಗೈಯಗಲ, ಆಮೇಲೆ ಹೊಟ್ಟೆ, ಕುತ್ತಿಗೆ, ಕಣ್ಣಿನ ರೆಪ್ಪೆ. ನೀರುಗುಳ್ಳೆ ಎದ್ದು ಒಡೆದು ಸೋರುತ್ತಿತ್ತು. ಬೇವಿನ ನೀರು ಸುರಿದುಕೊಂಡಳು, ಅರಿಸಿನ ಮೆತ್ತಿದಳು, ಬದನೆಕಾಯಿ, ಮೀನು ಬಿಟ್ಟಳು. ಏನೂ ಆಗಲಿಲ್ಲ. "ಕರಣಿ ಮಾಡ್ಯಾಳ ಮಂಗಲಾ, ನನ್ನ ಹೊಸ್ತಿಲಕ್ಕ ಬಂದು ಮಾಡ್ಯಾಳ" ಎಂದು ಗೋಡೆಯಾಚೆಯಿಂದ ನನಗೆ ಹೇಳಿದಳು. ಕರಣಿ ಎಂದರೆ ನಮ್ಮ ಕಡೆ ಮಾಟ. ನಾನು ನಂಬಿದೆ. ಹೌಸಾಬಾಯಿ ಕೊಟ್ಟ ಬೆಲ್ಲದ ಚೂರನ್ನು ನನ್ನ ಮಗಳ ಕೈಯಿಂದ ಕಸಿದು ಚರಂಡಿಗೆ ಎಸೆದಿದ್ದೂ ನಾನೇ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಎಸೆದದ್ದು ನಿಜ.

ಚರ್ಮದ ಡಾಕ್ಟರರ ಬಳಿ ನಾನೇ ಕರೆದುಕೊಂಡು ಹೋಗಿದ್ದೆ. ಪಾಪ, ಅವರು ಎಲ್ಲ ಕೇಳಿದರು. ಏನು ಮುಟ್ಟುತ್ತೀರಿ, ಯಾವ ಸೋಪು, ಮೈಮೇಲೆ ಹೊಸದಾಗಿ ಏನಾದರೂ ಕಟ್ಟಿಕೊಂಡಿದ್ದೀರಾ? ಇಲ್ಲ ಎಂದಳು. ಹೌಸಾಬಾಯಿ ಹೊಗಳಿ ಹೋದ ದಿನವೇ, ದೃಷ್ಟಿಗೆಂದು ಶನಿವಾರ ಶನಿವಾರ ಬಾಗಿಲಿಗೆ ಕಟ್ಟುವ ಲಿಂಬೆ-ಮೆಣಸಿನಕಾಯಿ ಸರದಿಂದ ಬಿಬ್ಬಾ, ಅಂದರೆ ಆ ಕಪ್ಪು ಕೇರುಬೀಜ, ಬಿಚ್ಚಿ ತನ್ನ ಎಲೆಅಡಿಕೆಯ ಚಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿದ್ದಳು. ಅದನ್ನು ಡಾಕ್ಟರರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಕಾಪು ಇಟ್ಟದ್ದನ್ನು ಬಾಯಿಬಿಟ್ಟರೆ ಅದರ ಬಲ ಹೋಗುತ್ತದೆಂದು ನಮ್ಮಲ್ಲಿ ಹುಟ್ಟುವಾಗಲೇ ಕಲಿತಿರುತ್ತಾರೆ. ಹಾಗಾಗಿ ಡಾಕ್ಟರರು ಮುಲಾಮು ಕೊಟ್ಟು, ಖಾರದ ಮೇಲೆ ಸಂಶಯಪಟ್ಟು, ಹದಿನೈದು ದಿನ ಡಂಕ ಬಿಡಿ ಎಂದರು.

ಭರ್ತಿ ಹಂಗಾಮಿನಲ್ಲಿ ಆಕೆ ಡಂಕ ನಿಲ್ಲಿಸಿದಳು. ತುರಿಕೆ ಮಾತ್ರ ನಿಲ್ಲಲಿಲ್ಲ. ಮುಲಾಮಿಗೆ ಎರಡು ದಿನ ಇಳಿದಂತೆ ಮಾಡಿ ಭಾನುವಾರ, ಸೋಮವಾರ ಮತ್ತೆ ಉರಿಯುತ್ತಿತ್ತು. ಇಪ್ಪತ್ತಾರು ವರ್ಷ ಅನ್ನ ಕೊಟ್ಟ ಖಾರದ್ದಲ್ಲ ತಪ್ಪು ಎಂದು ಮತ್ತೆ ಬಾಗಿಲು ತೆರೆದಳು. ಆದರೆ ಒಂದು ಕೈಯಲ್ಲಿ ಜರಡಿ ಹಿಡಿದು ಇನ್ನೊಂದು ಕೈಯಲ್ಲಿ ಕುತ್ತಿಗೆ ಕೆರೆಯುವವಳ ಹತ್ತಿರ ಯಾರು ಚಟ್ನಿ ಕುಟ್ಟಿಸುತ್ತಾರೆ? ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ನಾಳೆ ಬರುತ್ತೇವೆಂದು ಚೀಲ ಎತ್ತಿಕೊಂಡು ಹೋಗುತ್ತಿದ್ದರು. ಹೌಸಾಬಾಯಿಯ ಕಡೆಗೂ ಅಷ್ಟಾಗಿ ಹೋಗುತ್ತಿರಲಿಲ್ಲ, ಕರಣಿಯ ಮಾತು ಅಷ್ಟು ಹಬ್ಬಿತ್ತು. ಹೌಸಾಬಾಯಿಯ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಮೂರೇ ಹೆಂಗಸರು ಬಂದರು. ನಾನು ಹೋಗಲಿಲ್ಲ. ಈ ಮಳೆಗಾಲದೊಳಗೆ ಮೈ ನೆಟ್ಟಗಾಗದಿದ್ದರೆ ಡಂಕ ಮಾರುವುದೇ ಸೈ ಎಂದು ಅಕ್ಕಾತಾಯಿ ಅಳುತ್ತಿದ್ದಳು.

ಒಂದು ಮಧ್ಯಾಹ್ನ ಹೌಸಾಬಾಯಿ ತನ್ನ ಸೊಸೆಯ ಕುಪ್ಪಸ ಒಯ್ಯಲು ಬಂದಳು. ನಾನು ತಲೆ ಎತ್ತದೆ ಕೊಟ್ಟೆ. ಮೇಜಿನ ಮೇಲೆ ಅಂಚು ಹೊಲಿಯಲು ಬಂದ ಒಂದು ಸೀರೆ ಹರಡಿತ್ತು. ಅದರ ನಡುವಿನಲ್ಲಿ, ಸೊಂಟಕ್ಕೆ ಸಿಕ್ಕಿಸುವ ಕಡೆ, ಕಾಸಿನಗಲದ ಕಪ್ಪು ಕಲೆಗಳು. ಆಕೆ ಬೆರಳು ತಾಗಿಸದೆ ಬಗ್ಗಿ ನೋಡಿದಳು. ಯಾರದೆಂದು ಕೇಳಿದಾಗ ಅಕ್ಕಾತಾಯಿಯದೆಂದು ಹೇಳಿದೆ.

"ಇದು ಬಿಬ್ಬಾದ ಎಣ್ಣಿ ಮಂಗಲಾ. ಎಲಿ ಚಂಚಿ ಸುಣ್ಣ ತಾಗಿ ಕಪ್ಪಾಗೇತಿ. ನನ್ನ ಗಂಡ ಇದರಾಗs ಊರ ಮಂದಿ ಬಟ್ಟಿಗೆ ಗುರ್ತ ಹಾಕ್ತಿದ್ದ. ನಾ ಮುಟ್ಟಿದ್ರ ಮೊಣಕೈ ಮಟ ಬಾತು ಗುಳ್ಳಿ ಏಳ್ತಿದ್ವು. ಅಕ್ಕಾ ಸೊಂಟದಾಗ ಬಿಬ್ಬಾ ಇಟ್ಕೊಂಡಾಳ."

ಸರದ ಬಿಬ್ಬಾ ಸೂಜಿ ಚುಚ್ಚಿದ್ದು, ತೂತಿನಿಂದ ಎಣ್ಣೆ ಜಿನುಗುತ್ತದೆ. ಶನಿವಾರಕ್ಕೊಂದು ಹೊಸದು ಇಟ್ಟರೆ ಭಾನುವಾರ ಉರಿಯದೆ ಇನ್ನೇನು? ಇಬ್ಬರೂ ಅಕ್ಕಾತಾಯಿಯ ಡಂಕಿಗೆ ಹೋದೆವು. ನಾನೇ ಹೇಳಿದ್ದರೆ ಒಳ್ಳೆಯದಿತ್ತು. ಹೌಸಾಬಾಯಿ ಮೊದಲು ಬಾಯಿ ತೆರೆದು, ಚಂಚಿಯಲ್ಲಿರುವ ಬಿಬ್ಬಾ ತೆಗೆದೊಗೆ ಅಕ್ಕಾ, ರೋಗ ಅಲ್ಲೇ ಐತಿ ಎಂದುಬಿಟ್ಟಳು.

ಅಕ್ಕಾತಾಯಿ ಚಂಚಿಯ ಮೇಲೆ ಕೈ ಒತ್ತಿಕೊಂಡಳು. ಯಾರಿಗೂ ಹೇಳದ ಕಾಪು ಇವಳಿಗೆ ಗೊತ್ತಾಗಿದೆ, ಮತ್ತು ತೆಗೆದೊಗೆ ಅನ್ನುತ್ತಿದ್ದಾಳೆ. ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು? "ನೋಡ್ದಿ ಮಂಗಲಾ? ಕಳ್ಳಿ ಬಂದು ಬಾಗಲಾ ತಗೀ ಅನ್ನಾಕತ್ತಾಳ" ಎಂದಳು. ಕಲೆ, ಸುಣ್ಣ, ಸೂಜಿಯ ತೂತು ಎಂದು ನಾನು ಎಷ್ಟು ಬಡಕೊಂಡರೂ, ನಿನಗೂ ಏನೋ ತಿನ್ನಿಸಿದ್ದಾಳೆ ಎಂದು ನನ್ನನ್ನೇ ಬೈದಳು. ಆಮೇಲೆ ಕಣ್ಣು ಸಣ್ಣ ಮಾಡಿ ಹೌಸಾಬಾಯಿಯನ್ನು ನೋಡಿದಳು.

"ಬಿಬ್ಬಾದಿಂದ ಆಗೇತಿ ಅಂತೀಯಲ್ಲ, ನೀ ಕಟ್ಕೋ. ಎಂಟು ದಿನ. ನಿನಗೂ ಆದ್ರ ನಂಬ್ತೀನಿ. ಆಗದಿದ್ರ ಓಣಿ ಬಿಟ್ಟು ಹೋಗ."

ಆಕೆಯ ಮೈಗೆ ಅದು ಆಗಿಬರುವುದಿಲ್ಲ, ಬೇಡ ಎಂದು ನಾನು ಅಡ್ಡ ಹೋದೆ. ಹೌಸಾಬಾಯಿ ನನ್ನನ್ನು ಸರಿಸಿ ಚಂಚಿಗೆ ಕೈ ಚಾಚಿದಳು. ಅಕ್ಕಾತಾಯಿ ಒಳಗಿನ ಬಿಬ್ಬಾ ತೆಗೆಯದೆ ಹಾಗೇ ಕೊಟ್ಟಳು. ಹೌಸಾಬಾಯಿ ಅದನ್ನು ನಮ್ಮ ಕಣ್ಣೆದುರೇ ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ದಾಟಿದಳು.

ಎಂಟು ದಿನ ಅಕ್ಕಾತಾಯಿ ಬಾಗಿಲಲ್ಲೇ ಕೂತು ಎದುರಿನ ಡಂಕ ಕಾಯ್ದಳು. ಚಂಚಿ ಬದಲಾಯಿಸಿದಳೇ, ತೆಗೆದಿಟ್ಟಳೇ ಎಂದು ನನ್ನನ್ನೂ ಕಾವಲಿಗೆ ಹಾಕಿದಳು. ಕಾಪು ಇಲ್ಲದ್ದಕ್ಕೆ ಹೆದರಿ ರಾಮರಕ್ಷೆ ಹೇಳುತ್ತಿದ್ದವಳಿಗೆ ನಾಲ್ಕನೆಯ ದಿನ ಗುಳ್ಳೆ ಸೋರುವುದು ನಿಂತಿತು. ಆರನೆಯ ದಿನ ನಿದ್ದೆ ಬಂತು. ಎಂಟನೆಯ ದಿನ ಕುತ್ತಿಗೆಯ ಚರ್ಮ ಒಣಗಿ ಹೊಟ್ಟಾಗಿ ಉದುರುತ್ತಿತ್ತು. ಅದಕ್ಕೂ ಆಕೆಯಲ್ಲಿ ಉತ್ತರ ಸಿದ್ಧವಿತ್ತು. ಕರಣಿ ಮಾಡಿದವಳೇ ಹಿಂದಕ್ಕೆ ತೆಗೆದುಕೊಂಡಿದ್ದಾಳೆ, ಅಷ್ಟೇ.

ಅವತ್ತು ಸಂಜೆ ಹೌಸಾಬಾಯಿ ಬಂದಳು. ಕಣ್ಣು ಬಾತು ಸೀಳಿನಂತಾಗಿದ್ದವು. ಡಂಕಿನ ಹಿಂದಿನ ಖೋಲಿಯಲ್ಲಿ ನಿಂತು ಸೀರೆಯ ನಿರಿಗೆ ಸಡಿಲಿಸಿದಳು. ಸೊಂಟದಿಂದ ತೊಡೆಯವರೆಗೆ ಚರ್ಮ ಕೆಂಪಗೆ ಉಬ್ಬಿ, ಗುಳ್ಳೆ ಒಡೆದು ಬಟ್ಟೆಗೆ ಅಂಟಿತ್ತು. ಅಕ್ಕಾತಾಯಿಗಿಂತ ಎರಡು ಪಟ್ಟು. ನಾನು ನೋಡಲಾರದೆ ಗೋಡೆಯ ಕಡೆ ತಿರುಗಿದೆ.

ಅಕ್ಕಾತಾಯಿ ಹತ್ತಿರ ಬಂದು, ಅಂಟಿದ ಬಟ್ಟೆಯನ್ನು ನೀರು ಹನಿಸಿ ಹನಿಸಿ ಬಿಡಿಸಿದಳು. ಚಂಚಿಯನ್ನು ಚಿಮಟಿಗೆಯಿಂದ ಹಿಡಿದು ಹೊರಗೆಸೆದು ಬಂದಳು.

"ಯಾವಾಗ ಎದ್ದಿತ್ತು ಇದು?"

"ಎರಡನೇ ದಿನ."

"ಎರಡನೇ ದಿನಕ್ಕs ತೋರಿಸಿ ತೆಗೀಬಾರದಾ, ಹೌಸಾ?"

"ಎರಡು ದಿನಕ್ಕ ನೀ ನಂಬ್ತಿದ್ದೆ ಏನಕ್ಕಾ?"

ಅಕ್ಕಾತಾಯಿ ಡಾಕ್ಟರರು ತನಗೆ ಕೊಟ್ಟ ಮುಲಾಮು ತಂದು, ಕೂತು, ಹೌಸಾಬಾಯಿಯ ಸೊಂಟಕ್ಕೆ ಹಚ್ಚತೊಡಗಿದಳು.